ನೂರೊಂದು ಮಂದೀನ ಗುರುತು ಹಿಡಿಯಾಕ ಆಗೂದಿಲ್ಲಂತ!



ಮರಕುಂಬಿ ತೀರ್ಪಿನ ಮಾತು ಬಂದಾಗೆಲ್ಲ ನಮ್ಮ ಗದಗ-ಬೆಟಗೇರಿ, ಮುಂಡರಗಿ ಕಡೆ ಚಾದಂಗಡಿ ಮುಂದ ಕೇಳಿಬರೋದು ಒಂದ ಮಾತು: "ಅಷ್ಟು ಮಂದೀನ ಕತ್ತಲದಾಗ ಯಾರರ ಗುರುತು ಹಿಡೀತಾರೇನ್ರಿ? ಅರ್ಧ ಮಂದಿ ಊರಾಗ ಇರಲೇ ಇಲ್ಲಂತ." ಹೇಳೋರು ಕಾನೂನು ಓದಿದವರ ಹಂಗ ಹೇಳ್ತಾರ. ಉತ್ತರಾನೂ ಕಾನೂನಿನ ಮಾತಿನಾಗೇ ಕೊಡೋಣ.

ಮೊದಲು ನಡೆದದ್ದು. 2014ರ ಆಗಸ್ಟ್ 28. ಗಂಗಾವತಿ ತಾಲೂಕಿನ ಮರಕುಂಬಿ. ಸಿನಿಮಾ ಥೇಟರಿನ ಜಗಳ ನೆಪ ಆಯಿತು, ದಲಿತರ ಕೇರಿಗೆ ನುಗ್ಗಿ ಬಡಿದರು, ಗುಡಿಸಲು ಸುಟ್ಟರು. ಕ್ಷೌರದಂಗಡಿ, ಹೋಟೆಲ್ ಒಳಗ ಬಿಡದ ಸಿಟ್ಟಿನ ಕತೆ ಅದಕ್ಕೂ ಮುಂಚಿನದು. ಹತ್ತು ವರ್ಷ ಕೇಸು ನಡೀತು. 2024ರ ಅಕ್ಟೋಬರ್ 24ಕ್ಕೆ ಕೊಪ್ಪಳ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ಕೊಟ್ಟಿತು. ಮರು ತಿಂಗಳೇ ಧಾರವಾಡ ಹೈಕೋರ್ಟ್ ಪೀಠ ಹೆಚ್ಚಿನವರಿಗೆ ಜಾಮೀನು ಕೊಟ್ಟಿತು.

ಮೇಲ್ಮನವಿ ಅವರ ಹಕ್ಕು. ಅದಕ್ಕ ನನ್ನ ತಕರಾರಿಲ್ಲ. ಆ ನೂರೊಂದರಾಗ ಒಬ್ಬನೇ ಒಬ್ಬ ಅವತ್ತು ಬೇರೆ ಊರಾಗ ಇದ್ದದ್ದು ಖರೇ ಆಗಿದ್ದರ ಅವನು ಹೊರಗ ಬರಲೇಬೇಕು. ಪೊಲೀಸರ ಪಟ್ಟಿ ಕಣ್ಣು ಮುಚ್ಚಿ ನಂಬೋ ದಡ್ಡತನ ನಮ್ಮ ಕೇರಿಗಿಲ್ಲ. ಆ ಪಟ್ಟಿಯೊಳಗ ನಮ್ಮ ಹುಡುಗರ ಹೆಸರೇ ಎಷ್ಟು ಸಲ ಬಂದಿಲ್ಲ?

ಆದರೆ "ಗುರುತು ಹಿಡಿಯಾಕ ಆಗೂದಿಲ್ಲ" ಅನ್ನೋದು ಬೇರೆ ಮಾತು. ಗುರುತು ಪತ್ತೆ ಪರೇಡ್ ಇರೋದು ಅಪರಿಚಿತರಿಗೆ. ಮೊದಲೇ ಗೊತ್ತಿರೋ ಮನುಷ್ಯಾಗ ಪರೇಡ್ ಬೇಕಿಲ್ಲ, ಇದು ಹಳೇ ಕಾನೂನು. ಈಗ ಹೇಳ್ರಿ, ಯಾರ ಹೊಲದಾಗ ಕಳೆ ತೆಗೆದೀವಿ, ಯಾರ ಮನಿ ಹಿತ್ತಲದಾಗ ನಿಂತು ಎತ್ತಿ ಹೊಯ್ದ ನೀರು ಕುಡಿದೀವಿ, ಯಾರ ಬೈಗುಳದ ದನಿ ಹುಟ್ಟಿದಾಗಿಂದ ಕೇಳೀವಿ, ಅಂಥವರು ಕೇರಿಗೆ ನುಗ್ಗಿದರ ನಮಗ ಗುರುತು ಸಿಗೂದಿಲ್ಲೇನು? ಅವರಿಗೆ ನಮ್ಮ ಹೆಸರು ಗೊತ್ತಿರಲಿಕ್ಕಿಲ್ಲ. ನಮಗ ಅವರ ನಡಿಗೆ ಸೈತ ಗೊತ್ತು.

ಗುಂಪು ದಾಳಿಯಲ್ಲಿ ಅಮಾಯಕರು ಸಿಕ್ಕಿಬೀಳಬಾರದು ಅನ್ನೋ ಎಚ್ಚರ ಸುಪ್ರೀಂ ಕೋರ್ಟಿಗೂ ಇತ್ತು. 1964ರ ಮಸಾಲ್ತಿ ತೀರ್ಪಿನಲ್ಲಿ ಒಬ್ಬನ ಮಾತಿಗೆ ನಿಲ್ಲಬೇಡಿ, ಇಬ್ಬರು ಮೂವರು ಸಾಕ್ಷಿಗಳ ಮಾತು ಹೊಂದುತ್ತದೋ ನೋಡಿ ಎಂಬ ಅಳತೆಗೋಲನ್ನು ಅದು ಒಪ್ಪಿತು. ಆ ಅಳತೆ ಹಿಡಿದು ಧಾರವಾಡದಾಗ ಒಬ್ಬೊಬ್ಬರದೂ ಬೇರೆ ಬೇರೆ ನೋಡಲಿ. ಬ್ಯಾಡ ಅಂದವರು ಯಾರು? "ಸಾಕ್ಷಿ ಎಲ್ಲ ಒಂದೇ ಕೇರಿಯವರು" ಅಂತ ಮಾತ್ರ ತಳ್ಳಿಹಾಕಬಾರದು. ಬೆಂಕಿ ಹಚ್ಚಿದ್ದು ನಮ್ಮ ಕೇರಿಗೆ, ಸಾಕ್ಷಿ ಮೇಲಿನ ಓಣಿಯಿಂದ ಬರ್ತಾರೇನು?

ಇನ್ನು ಅಲಿಬಿ, ಅಂದರೆ "ನಾನು ಅಲ್ಲಿರಲೇ ಇಲ್ಲ" ಅನ್ನೋ ವಾದ. ಅದನ್ನು ಹೇಳಿದವನೇ ಸಾಬೀತು ಮಾಡಬೇಕು, ಬಿಗಿಯಾಗಿ ಮಾಡಬೇಕು. ಇದ್ದವರ ಹತ್ತಿರ ದವಾಖಾನೆ ಚೀಟಿ, ಎಪಿಎಂಸಿ ಪಾವತಿ, ಲಾಡ್ಜಿನ ರಿಜಿಸ್ಟರ್ ಇರ್ತಾವ. ಶಿರಹಟ್ಟಿಯಿಂದ ಗೋವಾಕ್ಕ ದುಡಿಯಾಕ ಹೋದ ಕೂಲಿಯವನ ಹತ್ತಿರ ಏನಿರತೈತಿ? ಮೇಸ್ತ್ರಿ ಸಾಕ್ಷಿಗೆ ಬರೂದಿಲ್ಲ. ಅವ್ವ, ಹೆಂಡತಿ ಹೇಳಿದರ "ಹಿತಾಸಕ್ತ ಸಾಕ್ಷಿ" ಅಂತ ಪಕ್ಕಕ್ಕ ಇಡ್ತಾರ.

ಕುಶಾಲನಗರದ ಕಡೆಯ ಆದಿವಾಸಿ ಒಬ್ಬನ ಕೇಸು ನೆನಪೈತೇನು? ಬೆಟ್ಟದಪುರದ ಕಡೆ ಸಿಕ್ಕ ಎಲುಬು ನಿನ್ನ ಹೆಂಡತೀದೇ ಅಂತ ಕೊಲೆ ಕೇಸು ಹಾಕಿದರು. ಡಿಎನ್‌ಎ ಹೊಂದಲಿಲ್ಲ. ಆದರೂ ವರ್ಷ ದಾಟಿ ಜೈಲು. 2025ರ ಏಪ್ರಿಲ್‌ದಾಗ ಆ ಹೆಂಗಸು ಮಡಿಕೇರಿಯಲ್ಲಿ ಜೀವಂತ ಸಿಕ್ಕಳು! ಮೈಸೂರು ಕೋರ್ಟ್ ಬಿಡುಗಡೆ ಮಾಡಿ ಒಂದು ಲಕ್ಷ ಪರಿಹಾರ ಅಂದಿತು. ಅವತ್ತು "ಗುರುತು ಹೆಂಗ ಹಿಡಿದ್ರಿ" ಅಂತ ಪೊಲೀಸರನ್ನ ಈ ಚಾದಂಗಡಿ ವಕೀಲರು ಕೇಳಿದ್ರೇನು?

ಕಂಬಾಲಪಲ್ಲಿಯಲ್ಲೂ ಕೇಳಲಿಲ್ಲ. 2000ದ ಮಾರ್ಚ್ 11ಕ್ಕೆ ಏಳು ದಲಿತರನ್ನ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಎಲ್ಲರೂ ಖುಲಾಸೆ, 2014ರಲ್ಲಿ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಹೆದರಿ ಗುರುತು ಹೇಳದಿದ್ದರೆ ಸಾಕ್ಷಿ ಇಲ್ಲ, ಧೈರ್ಯ ಮಾಡಿ ಹೇಳಿದರೆ ಸುಳ್ಳು. ಹಂಗಾದರ ನಾವು ಏನು ಹೇಳಬೇಕ್ರಿ?

ನಮ್ಮ ವಕೀಲ ಮಿತ್ರರಿಗೆ ಎರಡು ಮಾತು. ದೌರ್ಜನ್ಯ ತಡೆ ಕಾಯ್ದೆಯ 15ಎ ಕಲಂ ಪ್ರಕಾರ ಜಾಮೀನು, ಶಿಕ್ಷೆ ಯಾವುದೇ ವಿಚಾರಣೆಯಲ್ಲಿ ಸಂತ್ರಸ್ತರ ಮಾತು ಕೇಳಬೇಕು. ಮರಕುಂಬಿ ಮೇಲ್ಮನವಿಯಲ್ಲಿ ಆ ಬಡವರ ಪರ ಪ್ರತಿ ದಿನಾಂಕಕ್ಕೂ ಒಬ್ಬರಾದರೂ ನಿಲ್ಲಬೇಕು. 2013ರಿಂದ ಧಾರವಾಡದಾಗ ಕಾಯಂ ಪೀಠ ಐತಿ, ಬೆಂಗಳೂರು ದೂರ ಅನ್ನೋ ನೆಪ ಈಗಿಲ್ಲ.

ಹಂಗೇ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕೇರಿಯೊಳಗ ಯಾರದರ ಮಗ ತಪ್ಪು ಗುರುತಿನ ಮೇಲೆ ಶಿಕ್ಷೆ ಅನುಭವಿಸ್ತಿದ್ದರ, ಅವನ ಸಾಕ್ಷಿ ಕೆಳಗಿನ ಕೋರ್ಟ್ ತಗೊಳ್ಳದೇ ಹೋಗಿದ್ದರ, ಮೇಲ್ಮನವಿಯಲ್ಲಿ ಹೆಚ್ಚುವರಿ ಸಾಕ್ಷ್ಯಕ್ಕ ಅರ್ಜಿ ಹಾಕಬಹುದು. ಹಳೇ ಸಿಆರ್‌ಪಿಸಿ 391, ಈಗ ಬಿಎನ್‌ಎಸ್‌ಎಸ್ 432. ಪರಿಶಿಷ್ಟರಿಗೆ ಆದಾಯ ಎಷ್ಟಿದ್ದರೂ ಕಾನೂನು ನೆರವು ಪುಕ್ಕಟೆ. ತೀರ್ಪಿನ ಪ್ರತಿ ಹಿಡಕೊಂಡು ಗದಗ ಕಾನೂನು ಸೇವಾ ಪ್ರಾಧಿಕಾರಕ್ಕ ಹೋಗ್ರಿ. ಸೆಷನ್ಸ್ ತೀರ್ಪಿನ ಮೇಲೆ ಹೈಕೋರ್ಟಿಗೆ ಸಾಮಾನ್ಯವಾಗಿ ಇರೋದು 60 ದಿನ. ಲಗೂ ಹೋಗ್ರಿ.