ಅಗ್ಗದ ಟ್ಯಾಬು, ಅಗ್ಗದ ಉಪದೇಶ

"ಐದು ವರ್ಷದ ಮಗುವಿಗೆ ಏಳೆಂಟು ಸಾವಿರದೊಳಗೆ ಯಾವ ಟ್ಯಾಬ್ ತಗೊಳ್ಳಲಿ?" ಅಂತ ಯಾರನ್ನಾದರೂ ಕೇಳಿ ನೋಡಿ. ಎರಡೇ ಉತ್ತರ ಬರುತ್ತವೆ. ಒಂದು, "ಅಯ್ಯೋ, ಅಷ್ಟು ಚಿಕ್ಕ ಮಗುವಿಗೆ ಟ್ಯಾಬ್ ಯಾಕ್ರೀ? ಪುಸ್ತಕ ಕೊಡಿ, ಮಣ್ಣಲ್ಲಿ ಆಡೋಕೆ ಬಿಡಿ." ಇನ್ನೊಂದು, "ಮಗು ತಾನೆ, ಹೇಗೂ ಒಡೆದು ಹಾಕುತ್ತೆ, ಸಿಕ್ಕಿದ್ದರಲ್ಲಿ ಅಗ್ಗದ್ದು ತಂದುಬಿಡಿ." ನನಗೆ ಎರಡರ ಮೇಲೂ ಸಿಟ್ಟಿದೆ. ಎರಡನೆಯದರ ಮೇಲೆ ಸ್ವಲ್ಪ ಜಾಸ್ತಿ.

ಮಣ್ಣಲ್ಲಿ ಆಡಲು ಬಿಡಿ ಎನ್ನುವವರು ಒಮ್ಮೆ ನಮ್ಮ ಊರಿಗಾಂ ಕಡೆ ಬನ್ನಿ. ಇಲ್ಲಿ ಮಣ್ಣು ಅಂದರೆ ಚಿನ್ನ ತೆಗೆದು ಬಿಸಾಕಿದ ಸಯನೈಡ್ ದಿಬ್ಬ. ಗಾಳಿ ಬೀಸಿದರೆ ಅದರ ಧೂಳು ಅಡುಗೆಮನೆವರೆಗೂ ಬರುತ್ತೆ. (ಸಿನಿಮಾದ ಕೆಜಿಎಫ್ ನೋಡಿಕೊಂಡು ಬರುವವರಿಗೆ ನಿರಾಸೆ ಗ್ಯಾರಂಟಿ, ಮೊದಲೇ ಹೇಳಿದ್ದೇನೆ :) ) 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಆಮೇಲೆ ಇಲ್ಲಿನ ಎಷ್ಟೋ ಮನೆಗಳಿಗೆ ಕೆಲಸ ಅಂದರೆ ಬೆಂಗಳೂರು. ನಸುಕಿಗೇ ಎದ್ದು ಮಾರಿಕುಪ್ಪಂ ಕಡೆಯಿಂದ ಬರುವ ರೈಲು ಹತ್ತಬೇಕು, ವಾಪಸ್ ಮನೆ ಸೇರುವಾಗ ಕತ್ತಲು. ಅಪ್ಪನೂ ಅಮ್ಮನೂ ಅದೇ ರೈಲಲ್ಲಿ ಹೋದರೆ ಮಗು ಅಜ್ಜಿಯ ಹತ್ತಿರ. ಅಜ್ಜಿಗೆ ಮಂಡಿ ನೋವು. ಈಗ ಹೇಳಿ, "ದಿನಾ ಮಗುವಿನ ಜತೆ ಕೂತು ಕಥೆ ಓದಿ" ಅನ್ನೋದನ್ನ ಯಾರಿಗೆ ಹೇಳ್ತೀರಿ?

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು ನನಗೂ ಗೊತ್ತು: ವರ್ಷದ ಕೂಸಿಗೆ ಸ್ಕ್ರೀನೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದರಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರು ಇರೋದು, ಟ್ಯಾಬ್ ಬೇಡ ಅಂದಕೂಡಲೇ ಆ ಜಾಗಕ್ಕೆ ಪುಸ್ತಕ ಬಂದು ಕೂರುತ್ತೆ ಅನ್ನುವ ನಂಬಿಕೆ ಬಗ್ಗೆ. ಬರಲ್ಲ ಸ್ವಾಮಿ. ಬರೋದು ಅಜ್ಜಿಯ ಕೈಗೆ ಕೊಟ್ಟು ಹೋದ ಹಳೇ ಮೊಬೈಲು. ಅದರಲ್ಲಿ ಯೂಟ್ಯೂಬು. ಒಂದು ವೀಡಿಯೋ ಮುಗಿದರೆ ಇನ್ನೊಂದು ತಾನೇ ಶುರುವಾಗುತ್ತೆ, ಮಗು ಏನನ್ನೂ ಆರಿಸಬೇಕಾಗಿಲ್ಲ. ಒಂದು ಗಂಟೆ ಮೂರು ಗಂಟೆ ಆಗೋದು ಹೀಗೆ.

2020ರಲ್ಲಿ ಏನಾಯ್ತು ನೆನಪಿದೆಯಾ? ಜೂನ್‌ನಲ್ಲಿ ನಮ್ಮ ಸರ್ಕಾರ ಚಿಕ್ಕ ಮಕ್ಕಳಿಗೆ ಆನ್‌ಲೈನ್ ಪಾಠವೇ ಬೇಡ ಅಂದಿತು. ಜುಲೈನಲ್ಲಿ ಹೈಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ಬೇಕು-ಬೇಡದ ವಾದ ಅಲ್ಲಿ ನಡೀತಾ ಇದ್ದಾಗ ಇಲ್ಲಿ ಒಂದು ಮೊಬೈಲಿಗೆ ಮೂವರು ಮಕ್ಕಳು ಕಾದು ಕೂತಿದ್ದರು. ಸ್ಕ್ರೀನ್ ಬೇಕೋ ಬೇಡವೋ ಅಂತ ಆ ಮನೆಗಳನ್ನ ಯಾರೂ ಕೇಳಲಿಲ್ಲ.

ಇನ್ನು "ಅಗ್ಗದ್ದು ಸಾಕು" ಪಂಗಡ.

ಈ ಮಾತು ಹೊಸದಲ್ಲ. 2011ರ ಅಕ್ಟೋಬರ್ 5ರಂದು ದಿಲ್ಲಿಯಲ್ಲಿ 'ಆಕಾಶ್' ಬಿಡುಗಡೆ ಆಯ್ತಲ್ಲ, ಅದು ಕಾಲೇಜು ಹುಡುಗರಿಗೆ. ಸರ್ಕಾರಕ್ಕೆ ಬಿದ್ದ ಬೆಲೆ ಎರಡು ಸಾವಿರದ ಚಿಲ್ಲರೆ. ಒಳಗಿದ್ದದ್ದು 366 ಮೆಗಾಹರ್ಟ್ಸ್ ಪ್ರೊಸೆಸರು, 256 ಎಂಬಿ ರ‍್ಯಾಮು. ಉಗುರಲ್ಲಿ ಒತ್ತಿದರೆ ಮಾತ್ರ ಕೇಳುವ ಪರದೆ. ಆಂಡ್ರಾಯ್ಡ್ 2.2. ನಮ್ಮ ಬ್ಲಾಗಿಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ: ಆಂಡ್ರಾಯ್ಡಿಗೆ ಕನ್ನಡ ಬಂದದ್ದೇ 2012ರಲ್ಲಿ, 4.1ರ ಜತೆಗೆ. ಅಲ್ಲಿವರೆಗೆ ಚೌಕ, ಚೌಕ, ಚೌಕ! ಅದಕ್ಕೂ ಎಷ್ಟೋ ಮುಂಚೆ, 2004ರಲ್ಲಿ, ನಮ್ಮ ಬೆಂಗಳೂರಿನವರೇ ಮಾರುಕಟ್ಟೆಗೆ ತಂದ ಸಿಂಪ್ಯೂಟರ್ ಇತ್ತು. ಓದಲು ಬಾರದವರಿಗೂ ಬಳಸಲು ಬರಬೇಕು ಅಂತ ಯೋಚಿಸಿ, ಕನ್ನಡ ಓದಿ ಹೇಳುವ ತಂತ್ರಾಂಶವನ್ನೂ ಅದಕ್ಕಾಗಿ ಮಾಡಿದ್ದರು. ಮಾರಾಟ ಆಗಲಿಲ್ಲ, ಅದು ಬೇರೆ ಕಥೆ. ಆದರೆ ಯಾರಿಗಾಗಿ ಮಾಡ್ತಿದ್ದೀವಿ ಅಂತ ಮೊದಲು ಕೇಳಿಕೊಂಡು ಆಮೇಲೆ ಬೆಲೆ ಇಳಿಸೋದು ಒಂದು ದಾರಿ, ಬೆಲೆ ಮೊದಲೇ ಗೀರಿ ಅದರೊಳಗೆ ಏನು ತುರುಕಬಹುದು ಅಂತ ನೋಡೋದು ಇನ್ನೊಂದು ದಾರಿ. ಇವತ್ತಿನ 'ಕಿಡ್ಸ್ ಟ್ಯಾಬ್'ಗಳು ಈ ಎರಡನೇ ದಾರಿಯವು.

ನೋಡೋಕೆ ಚೆನ್ನಾಗಿರುತ್ತವೆ. ಗುಲಾಬಿ ಇಲ್ಲಾ ನೀಲಿ ರಬ್ಬರ್ ಕವಚ, ಹಿಡಿಯಲು ಕಿವಿಯಂಥ ಹಿಡಿಕೆ, ಡಬ್ಬಿಯ ಮೇಲೆ ಕಾರ್ಟೂನು. ಮಗು ಬೀಳಿಸಿದರೆ ಕವಚ ಕಾಪಾಡುತ್ತೆ, ಸರಿ. ಒಳಗಿರೋದರಿಂದ ಮಗುವನ್ನು ಕಾಪಾಡೋರು ಯಾರು? 2023ರ ನವೆಂಬರಿನಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಅಮೆಜಾನಿನಲ್ಲಿ ಮಾರಾಟವಾಗುತ್ತಿದ್ದ ಡ್ರ್ಯಾಗನ್ ಟಚ್ ಕಂಪನಿಯ ಒಂದು ಅಗ್ಗದ ಮಕ್ಕಳ ಟ್ಯಾಬನ್ನು ಬಿಚ್ಚಿ ನೋಡಿತು. ಕುತಂತ್ರಾಂಶದ ಕುರುಹು ಸಿಕ್ಕಿತು. ಜತೆಗೆ ಮಾಹಿತಿ ಸಂಗ್ರಹಿಸಿ ಹೊರಗೆ ಕಳಿಸುವ ಮಕ್ಕಳ ಆಪ್ ಅಂಗಡಿ ಮೊದಲೇ ಕೂರಿಸಿಟ್ಟಿತ್ತು. ಆಂಡ್ರಾಯ್ಡ್ ಬೇರೆ ಹಳೇದು. ನಮ್ಮಲ್ಲೂ 2023ರ ದತ್ತಾಂಶ ಕಾಯ್ದೆ ಹದಿನೆಂಟು ದಾಟದವರನ್ನೆಲ್ಲ ಮಕ್ಕಳೆಂದೇ ಎಣಿಸಿ, ಅವರ ಬೆನ್ನು ಹತ್ತಿ ಜಾಹೀರಾತು ತೋರಿಸೋದನ್ನ ನಿಷೇಧಿಸುತ್ತೆ. ಆದರೆ ಡಬ್ಬಿಯ ಮೇಲೆ ಸರಿಯಾದ ವಿಳಾಸವೇ ಇಲ್ಲದ ಕಂಪನಿಯನ್ನ ಎಲ್ಲಿ ಅಂತ ಹುಡುಕ್ತೀರಿ?

"ಮಗು ತಾನೆ" ಅನ್ನೋರಿಗೆ ನಮ್ಮೂರಿನ ಇನ್ನೊಂದು ವಿಷಯ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಆ ಕಾಲಕ್ಕೆ ಜಗತ್ತಿನಲ್ಲಿ ಸಿಗುತ್ತಿದ್ದ ಒಳ್ಳೇ ಯಂತ್ರ ಈ ಊರಿಗೆ ಬಂತು. ಯಾಕೆ? ಕೆಳಗೆ ಚಿನ್ನ ಇತ್ತು. ಗಣಿಯೊಳಗೆ ಇಳಿಯುವವನ ಮನೆಗೆ ಮಾತ್ರ ಉಳಿದದ್ದು, ಬಳಿದದ್ದು. ಈಗ ಅವನ ಮೊಮ್ಮಗಳಿಗೆ ಟ್ಯಾಬ್ ಕೊಡಿಸುವಾಗಲೂ ಅದೇ ಲೆಕ್ಕ ಅಂದರೆ ನನಗೆ ಮೈ ಉರಿಯುತ್ತೆ.

ಹಾಗಾದರೆ ಏನು ತಗೊಳ್ಳೋದು ಅಂತೀರಾ? ಹೆಸರಿಲ್ಲದ ಹೊಸದಕ್ಕಿಂತ ಹೆಸರಿರುವ ಕಂಪನಿಯ ಹಿಂದಿನ ವರ್ಷದ ಮಾಡೆಲ್ ಮೇಲು. ನಂಬಿಕಸ್ಥರ ಕೈಯಿಂದ ಸಿಕ್ಕರೆ ಸೆಕೆಂಡ್ ಹ್ಯಾಂಡೂ ಆದೀತು. ಡಬ್ಬಿಯ ಮೇಲೆ "8 ಜಿಬಿ ರ‍್ಯಾಮ್" ಅಂತಿದ್ದರೆ ಹಿಂದೆ ತಿರುಗಿಸಿ ಸಣ್ಣಕ್ಷರ ಓದಿ. ಅದು ಎಷ್ಟೋ ಸಲ "4+4", ಅಂದರೆ ನಾಲ್ಕು ಮಾತ್ರ ನಿಜ, ಉಳಿದ ನಾಲ್ಕು ಸ್ಟೋರೇಜಿನಿಂದ ಕಡ ತಂದದ್ದು. ಎರಡು ಜಿಬಿಯದು ಬೇಡವೇ ಬೇಡ, ಕಥೆ ತೆರೆಯುವಷ್ಟರಲ್ಲಿ ಮಗುವಿಗೆ ನಿದ್ದೆ ಬಂದಿರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ, ವರ್ಷಗಟ್ಟಲೆ ಹಳೇದಾಗಿದ್ದರೆ ವಾಪಸ್ ಇಡಿ. ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನ ಕೊನೆಯಲ್ಲಿ ಈ ಸಾಧನ ಪ್ರಮಾಣೀಕೃತವೋ ಅಲ್ಲವೋ ಅಂತ ಬರೆದಿರುತ್ತೆ, ಅದನ್ನೂ ನೋಡಿ. ಸಿಮ್ ಹಾಕೋ ಮಾಡೆಲ್‌ಗೆ ದುಡ್ಡು ಸುರಿಯಬೇಡಿ. ಫ್ಯಾಮಿಲಿ ಲಿಂಕ್ ಹಾಕಿದರೆ ಗಂಟೆ ಆದ ಮೇಲೆ ತಾನೇ ಬಾಗಿಲು ಹಾಕುತ್ತೆ, ಅಜ್ಜಿ ಕಿತ್ತುಕೊಂಡು ಕೆಟ್ಟವಳಾಗಬೇಕಿಲ್ಲ.

ಇನ್ನು ಕನ್ನಡ. ಇಲ್ಲಿನ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತಮಿಳು, ಬೀದಿಯಲ್ಲಿ ತೆಲುಗು ಉರ್ದು, ಸ್ಕೂಲಲ್ಲಿ ಇಂಗ್ಲಿಷು. ಕನ್ನಡ ಅಂದರೆ ಪರೀಕ್ಷೆಗೆ ಓದುವ ಒಂದು ಸಬ್ಜೆಕ್ಟು. ಕಿಡ್ಸ್ ಟ್ಯಾಬಲ್ಲಿ ಮೊದಲೇ ತುಂಬಿ ಕಳಿಸಿರೋದು 'ಎ ಫಾರ್ ಆಪಲ್'. ನಾವು ಇಷ್ಟು ವರ್ಷ ಫಾಂಟಿಗೆ, ಯುನಿಕೋಡಿಗೆ, ಒತ್ತಕ್ಷರ ಒಡೆಯುತ್ತೆ ಅಂತ ಜಗಳ ಆಡಿದೆವು. ಗೆದ್ದೆವು, ಸರಿ. ಈಗ ಆರು ಸಾವಿರದ ಟ್ಯಾಬಲ್ಲೂ 'ಸ್ತ್ರೀ' ಸರಿಯಾಗಿ ಮೂಡುತ್ತೆ. ಆದರೆ ಆ ಪರದೆಯ ಮೇಲೆ ಐದು ವರ್ಷದವಳು ಓದುವಂಥದ್ದು ನಮ್ಮಲ್ಲಿ ಎಷ್ಟು ಜನ ಬರೆದಿದ್ದೇವೆ? ಪ್ರಥಮ್ ಬುಕ್ಸ್‌ನವರು 2015ರಿಂದ ಸ್ಟೋರಿವೀವರ್‌ನಲ್ಲಿ ಚಿತ್ರಕಥೆಗಳನ್ನ ಪುಕ್ಕಟೆ ಇಟ್ಟಿದ್ದಾರೆ, ಕನ್ನಡದಲ್ಲೂ. ಯಾರು ಬೇಕಾದರೂ ಅನುವಾದಿಸಿ ಸೇರಿಸಬಹುದು. ಇಳಿಸಿಕೊಂಡರೆ ನೆಟ್ ಇಲ್ಲದೆಯೂ ಓದಬಹುದು. ಮಕ್ಕಳಿಗೆ ಸ್ಕ್ರೀನ್ ಕೊಡಬೇಡಿ ಅಂತ ಸಾಲುಸಾಲು ಉಪದೇಶ ಬರೆಯೋ ಹೊತ್ತಲ್ಲಿ ಎರಡು ಕಥೆ ಅನುವಾದ ಮಾಡಬಹುದಿತ್ತು. ಇಲ್ಲಾ ನಿಮ್ಮ ದನಿಯಲ್ಲಿ ಓದಿ ರೆಕಾರ್ಡ್ ಮಾಡಿ ಕಳಿಸಬಹುದಿತ್ತು, ಓದು ಬಾರದ ಅಜ್ಜಿಯೂ ಪಕ್ಕದಲ್ಲಿ ಕೂತು ಕೇಳುತ್ತಿದ್ದಳು.

ಹಾಂ, ಒಂದು ಮರೆತೆ. ಪಕ್ಕದ ಮನೆಯವರು ತಂದ ಹೆಸರಿಲ್ಲದ ಟ್ಯಾಬಿಗೆ ನಾಲ್ಕೇ ತಿಂಗಳಲ್ಲಿ ಚಾರ್ಜಿಂಗ್ ತೂತು ಸಡಿಲ ಆಯ್ತು. ರಿಪೇರಿಯವನು "ಇದರ ಪಾರ್ಟ್ ಸಿಗಲ್ಲ" ಅಂತ ಕೈಚೆಲ್ಲಿದ. ದುಡ್ಡು ಕೊಡೋಕೆ ಮುಂಚೆ ರಾಬರ್ಟ್‌ಸನ್‌ಪೇಟೆಗೆ ಹೋಗಿ, ಈ ಮಾಡೆಲಿಗೆ ಗಾಜು ಎಷ್ಟು, ಬ್ಯಾಟರಿ ಎಷ್ಟು, ಎಷ್ಟು ದಿನಕ್ಕೆ ಬರುತ್ತೆ ಅಂತ ವಿಚಾರಿಸಿ. ಗಾಜಿನ ರೇಟು ಟ್ಯಾಬಿನ ಅರ್ಧ ಬೆಲೆ ದಾಟಿದರೆ ಅದನ್ನ ಬಿಟ್ಟು ಮುಂದಿನದರ ರೇಟು ಕೇಳಿ.