ಬಿದ್ದದ್ದು ಏಳಲು ಎಷ್ಟು ಹೊತ್ತು?

ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ ಜಾಲತಾಣವೇ ಕುಸಿದರೆ ನಮ್ಮಂಥವರ ಪಾಡೇನು? ಇಂಥ ತಾಣಗಳ ತಂತ್ರಾಂಶವನ್ನು ‘ಕಂಟೇನರ್’ ಎಂಬ ಪುಟ್ಟ ಪೆಟ್ಟಿಗೆಗಳಲ್ಲಿರಿಸಿ ನಡೆಸುವುದುಂಟು. 2014ರಲ್ಲಿ ಗೂಗಲ್ ಹೊರತಂದ ಕುಬರ್ನೆಟೀಸ್ ಅವುಗಳ ಮೇಸ್ತ್ರಿ. ಪೆಟ್ಟಿಗೆ ಬಿದ್ದರೆ ಅದೇ ಎಬ್ಬಿಸುತ್ತದೆ, ಚಿಂತೆಯೇಕೆ ಎನ್ನುವವರಿದ್ದಾರೆ. ಆದರೆ ಪದೇಪದೇ ಬೀಳುವುದನ್ನು ಅದು 10, 20, 40 ಸೆಕೆಂಡು ಎಂದು ಇಮ್ಮಡಿಸುತ್ತ 5 ನಿಮಿಷದವರೆಗೂ ಕಾಯಿಸುವುದು ವಾಡಿಕೆ. ಗಡುವಿನ ಸಂಜೆ ಐದು ನಿಮಿಷವೆಂದರೆ ಅಲ್ಪವೇ?

ಆದುದರಿಂದ ಮೊದಲೇ ಕೆಡವಿ ನೋಡಬೇಕು. ನೆಟ್‌ಫ್ಲಿಕ್ಸಿನವರು ‘ಕೇಯಾಸ್ ಮಂಕಿ’ ಎಂಬ ಕೋತಿಯನ್ನು ಬಿಟ್ಟು, ಕಚೇರಿಯ ವೇಳೆಯಲ್ಲೇ, ನಡೆಯುತ್ತಿದ್ದ ತಮ್ಮ ಸರ್ವರುಗಳನ್ನು ತಾವೇ ಬೀಳಿಸಿದರು. (ಲಂಕೆಯ ಕಥೆ ಕೇಳಿದ ನಮಗೆ ಈ ಹೆಸರು ವಿಚಿತ್ರವೆನಿಸದು!) ಸಿನಿಮಾ ತೋರಿಸುವವರಿಗಿರುವ ಈ ಎಚ್ಚರ ಸರ್ಕಾರಿ ತಾಣಗಳಿಗೂ ಬೇಡವೇ? ಪೆಟ್ಟಿಗೆ ಎದ್ದಿತೆಂದರೆ ಸಾಲದು. ಅರ್ಜಿದಾರನಿಗೆ ಮತ್ತೆ ಉತ್ತರ ಬರುವವರೆಗೆ ಗಡಿಯಾರ ಹಿಡಿಯಲಿ. ಅರ್ಜಿ ಕರೆಯುವ ಮುನ್ನ ಆ ಲೆಕ್ಕವನ್ನು ಪ್ರಕಟಿಸಲಿ.