ನಾಲ್ವರ ಗುಂಪು, ಒಬ್ಬಳ ನಿದ್ದೆ

2023ರ ಏಪ್ರಿಲ್ ತಿಂಗಳ ಒಂದು ರಾತ್ರಿ, ಒಂದೂವರೆ ಗಂಟೆಗೆ ನೀರು ಕುಡಿಯಲೆಂದು ಎದ್ದಾಗ ಎದುರು ಮನೆಯಲ್ಲಿ ದೀಪ ಉರಿಯುತ್ತಿತ್ತು. ಮರುದಿನ ಡೊಂಬಿವಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಆ ಮನೆಯ ಹುಡುಗಿ ಸಿಕ್ಕಳು. ನವಿ ಮುಂಬಯಿಯ ಒಂದು ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿನಿ. ದಿನವೂ ಠಾಣೆಯಲ್ಲಿ ಗಾಡಿ ಬದಲಿಸಿ ಹೋಗುವವಳು.

“ಪ್ರಾಜೆಕ್ಟ್ ಅಂಕಲ್, ಇವತ್ತು ಒಪ್ಪಿಸಬೇಕು. ನಾಲ್ಕು ಜನರ ಗುಂಪು” ಎಂದಳು.

ಉಳಿದ ಮೂವರೋ? ಕಲ್ಯಾಣದ ಹುಡುಗ ಮುಖಪುಟ ಟೈಪ್ ಮಾಡಿದ್ದ. ಠಾಣೆಯ ಹುಡುಗಿ ಬೈಂಡಿಂಗಿನ ಹಣ ಕೊಟ್ಟಿದ್ದಳು. ನೆರೂಳಿನವನು ವಾಟ್ಸಾಪಿನಲ್ಲಿ ಹೆಬ್ಬೆರಳು ತೋರಿಸಿದ್ದ. ಫಲಿತಾಂಶ ಬಂದಾಗ ನಾಲ್ವರಿಗೂ 25ಕ್ಕೆ 22 ಅಂಕ! ಹುಡುಗಿಯ ತಾಯಿ ಮಾತ್ರ, “ಹೋಗಲಿ ಬಿಡಿ ಅಣ್ಣ, ಮಕ್ಕಳು ಹೊಂದಿಕೊಂಡು ಹೋಗಬೇಕಲ್ಲ” ಎಂದರು. ಪರವೂರಿಗೆ ಬಂದು ನೆಲೆಸಿದ ನಾವೆಲ್ಲ ಕಲಿತುಕೊಂಡ ಮಾತು ಅದು. ನನಗೆ ಅದನ್ನು ಒಪ್ಪಲಾಗಲಿಲ್ಲ.

ದೋಷ ಗುಂಪು ಕೆಲಸದ್ದಲ್ಲ. ಅದನ್ನು ಕಲಿಸದೆಯೇ ಅಂಕ ಹಂಚುವ ಪದ್ಧತಿಯದು. ಮುಂಬಯಿ ವಿಶ್ವವಿದ್ಯಾಲಯ 2019ರಲ್ಲಿ ಪರಿಷ್ಕರಿಸಿದ ಇಂಜಿನಿಯರಿಂಗ್ ಪಠ್ಯಕ್ರಮವನ್ನು ಓದಿ ನೋಡಿದೆ. ಮಿನಿ ಪ್ರಾಜೆಕ್ಟಿನ ಗುಂಪು ನಾಲ್ವರನ್ನು ಮೀರಬಾರದು, ವಾರವಾರದ ಕೆಲಸವನ್ನು ಲಾಗ್ ಬುಕ್ಕಿನಲ್ಲಿ ಬರೆದಿಡಬೇಕು, ಒಬ್ಬೊಬ್ಬರ ಪಾಲು ಎಷ್ಟು, ತಿಳಿವಳಿಕೆ ಎಷ್ಟು ಎಂಬುದನ್ನೂ ಪರಿಗಣಿಸಬೇಕು ಎಂದೆಲ್ಲ ಅದರಲ್ಲಿದೆ. ಮಾತು ಬಂಗಾರದಂಥದ್ದೇ. ಆದರೆ ಲಾಗ್ ಬುಕ್ ಇಡೀ ಗುಂಪಿಗೆ ಒಂದೇ! ವಿದ್ಯಾರ್ಥಿಯ ಪಾಲಿಗೆ ವಾರಕ್ಕೆ 4 ಗಂಟೆಯ ಕೆಲಸ. ಅಧ್ಯಾಪಕರಿಗೋ, 4 ಗುಂಪುಗಳಿಗೆ ಸೇರಿ ವಾರಕ್ಕೆ 1 ಗಂಟೆ. ಲೆಕ್ಕ ಹಾಕಿರಿ. ಒಂದು ಗುಂಪಿಗೆ 15 ನಿಮಿಷ. ಹಾಜರಿ, ಸಹಿ ಎಲ್ಲ ಕಳೆದು ಒಬ್ಬ ವಿದ್ಯಾರ್ಥಿಗೆ ನಾಲ್ಕು ನಿಮಿಷವೂ ದಕ್ಕದು. ನಾಲ್ಕು ನಿಮಿಷದಲ್ಲಿ ಯಾರು ದುಡಿದರು, ಯಾರು ನಿದ್ದೆ ಮಾಡಿದರು ಎಂದು ಯಾವ ಗುರು ತಾನೆ ಅಳೆದಾನು?

ಊರಿನ ರಥೋತ್ಸವ ನೆನಪಿಸಿಕೊಳ್ಳಿ. ತೇರಿನ ಹಗ್ಗಕ್ಕೆ ಕೈ ಹಚ್ಚಿದವರೆಲ್ಲ ಎಳೆದವರಲ್ಲ. ಮ್ಯಾಕ್ಸ್ ರಿಂಗೆಲ್‌ಮನ್ ಎಂಬ ಫ್ರಾನ್ಸಿನ ಕೃಷಿ ಇಂಜಿನಿಯರ್ ಇದನ್ನೇ ಅಳೆದು 1913ರಲ್ಲಿ ಪ್ರಕಟಿಸಿದ. ಎಂಟು ಜನ ಕೂಡಿ ಹಗ್ಗ ಎಳೆದಾಗ, ಒಬ್ಬೊಬ್ಬನಿಂದ ಬಂದ ಬಲ ಅವನು ಒಂಟಿಯಾಗಿ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಸೋಮಾರಿತನವೊಂದೇ ಕಾರಣವಲ್ಲ, ಹೊಂದಿಕೆ ತಪ್ಪಿದರೂ ಬಲ ಪೋಲಾಗುತ್ತದೆ. ಹೊಂದಿಕೆಯನ್ನಾದರೂ ಕಲಿಸಬೇಕಲ್ಲವೇ? ಕಲಿಸುವವರಾರು?

ಯಕ್ಷಗಾನ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದೂ ಗುಂಪು ಕೆಲಸವೇ. ಆದರೆ ಚೆಂಡೆ ತಪ್ಪಿದರೆ ಸಿಕ್ಕಿಬೀಳುವವನು ಚೆಂಡೆಯವನು, ಮದ್ದಳೆಯವನಲ್ಲ. ಭಾಗವತರು ಆಟ ಮುಗಿದ ಮೇಲೆ ಬಂದು ಅಂಕ ಹಾಕುವುದಿಲ್ಲ. ಮೊದಲಿನಿಂದ ಕೊನೆಯವರೆಗೆ ರಂಗದಲ್ಲೇ ಕುಳಿತಿರುತ್ತಾರೆ.

ಅಧ್ಯಾಪಕ ಮಿತ್ರರು ಮುನಿಯಬಾರದು. ಹುದ್ದೆಗಳು ಖಾಲಿ, ತಾಸಿನ ಲೆಕ್ಕದ ಸಂಬಳ, ಮೇಲೆ ಕಾಗದಪತ್ರದ ಹೊರೆ, ಇವೆಲ್ಲ ನನಗೂ ಗೊತ್ತು. ಆದರೂ ನಾಲ್ವರನ್ನು ಒಟ್ಟಿಗೆ ನಿಲ್ಲಿಸಿ ಒಬ್ಬಳಿಂದಲೇ ಉತ್ತರ ಹೇಳಿಸಿಕೊಳ್ಳುವುದಕ್ಕೆ ಯಾವ ನೆಪವೂ ಸಾಲದು. ಒಬ್ಬೊಬ್ಬರನ್ನೇ ಕರೆದು, “ಇದರಲ್ಲಿ ನಿನ್ನದು ಯಾವುದು? ಮಾಡಿ ತೋರಿಸು” ಎಂದರೆ ಸಾಕು, ಬಣ್ಣ ಬಯಲಾಗುತ್ತದೆ. ಕೆಲಸದ ಹೊತ್ತನ್ನು ಕಾಲೇಜಿನ ವೇಳಾಪಟ್ಟಿಯೊಳಗೇ ನಿಜವಾಗಿ ಬಿಟ್ಟುಕೊಡಲಿ. ಒಬ್ಬ ಕಲ್ಯಾಣಕ್ಕೆ, ಒಬ್ಬ ನೆರೂಳಿಗೆ ಓಡುವ ಮಕ್ಕಳು ಸಂಜೆ ಆರರ ಮೇಲೆ ಸೇರುವುದೆಲ್ಲಿ? ಲೋಕಲ್ ಗಾಡಿಯ ಬಾಗಿಲಲ್ಲೇ?

ಇದು ಇಂಜಿನಿಯರಿಂಗ್ ಓದುವವರ ಮನೆಯ ಗೋಳು ಮಾತ್ರ ಎಂದು ಬಿ.ಎ., ಬಿ.ಕಾಂ. ಮಕ್ಕಳ ಪಾಲಕರು ಪುಟ ತಿರುವಿಬಿಡಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಮೇರೆಗೆ ಅವರಿಗೂ ಕ್ಷೇತ್ರಕಾರ್ಯ, ಪ್ರಾಜೆಕ್ಟುಗಳು ಬಂದಿವೆ.

ಪಾಲಕರ ಸಭೆಗೆ ಹೋದಾಗ ಫೀ, ಹಾಜರಿ ಕೇಳಿ ಹೊರಟುಬರುತ್ತೇವೆ. ಮುಂದಿನ ಸಲ ಇದನ್ನೂ ಕೇಳೋಣ: ನನ್ನ ಮಗಳಿಗೆ ಈ ಅಂಕ ಯಾವ ಕೆಲಸಕ್ಕೆ ಕೊಟ್ಟಿರಿ? ಹಾಗೆಯೇ ನಮ್ಮ ಮಗ ಬರಿಯ ಹೆಬ್ಬೆರಳು ತೋರಿಸಿ 22 ಅಂಕ ತಂದಿದ್ದರೆ, ಅವನಿಗೂ ಅದೇ ಪ್ರಶ್ನೆ ಹಾಕೋಣ. ಇದು ಮೊದಲಿನದಕ್ಕಿಂತ ಕಷ್ಟ.

ಇನ್ನೊಂದು ಮಾತು. ನಮ್ಮ ಸಂಘದ ವಾಚನಾಲಯದ ದೊಡ್ಡ ಮೇಜು ರವಿವಾರ ಬೆಳಿಗ್ಗೆ ಖಾಲಿ ಬಿದ್ದಿರುತ್ತದೆ. ಪ್ರಾಜೆಕ್ಟಿನ ಮಕ್ಕಳಿಗೆ ಅದನ್ನು ಬಿಟ್ಟುಕೊಡಬೇಕೆಂದು ಕಾರ್ಯಕಾರಿ ಸಮಿತಿಗೆ ನನ್ನ ವಿನಂತಿ. ಗುಂಪಿನ ಉಳಿದವರು ಮರಾಠಿಯವರಿರಲಿ, ಗುಜರಾತಿಯವರಿರಲಿ, ಅಡ್ಡಿಯಿಲ್ಲ. ಚಹದ ಖರ್ಚು ನನ್ನದು. ಆದರೆ ನಾಲ್ವರೂ ಬರಬೇಕು.